ಮೂರನೆಯ ಸೀಸೆ

ಕೊಟ್ಟೂರು, ೯ ಏಪ್ರಿಲ್ ೧೯೮೧, ಗುರುವಾರ

ನಾಗು ಬಂದಳು. ಹರಪನಹಳ್ಳಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತಂತೆ. ಒಣಮೆಣಸಿನಕಾಯಿ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ಬಂದಿದ್ದಾಳೆ. ಪಿಎಚ್.ಡಿ. ಮಾಡುವ ಹುಡುಗಿ ಸೀನುತ್ತ ಸೀನುತ್ತ ಮನೆ ಹೊಕ್ಕಳು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಎದೆಗೆ ಅವಚಿಕೊಂಡ ಗಂಟು. ಬಿಚ್ಚಿದರೆ ಟವೆಲ್ಲು, ಟವೆಲ್ಲಿನೊಳಗೆ ಅರಳೆ, ಅರಳೆಯೊಳಗೆ ಮೂರು ಸೀಸೆ. ಮೂರರಲ್ಲೂ ಕರಿ ಪುಡಿ.

"ಏನವ್ವಾ ಇದು, ಹಲ್ಲುಪುಡಿ ತಂದೀಯೇನು?" ಅಂದೆ.

"ಮೂರು ವರ್ಷ ತಂದೀನ್ರಿ ಅಪ್ಪಾ," ಅಂದಳು.

ಕಬ್ಬಿಣದ ತುಕ್ಕಿನ ಜಾತಿಯ ಪುಡಿಯಂತೆ, ಆದರೆ ಅಯಸ್ಕಾಂತಕ್ಕೆ ಅಂಟುವ ಜಾತಿ. ಅದರಲ್ಲಿ ಯಾವುದೋ ಒಂದು, ಪುಸ್ತಕದಲ್ಲಿ ಬರೆದಷ್ಟು ಅಂಟುವುದಿಲ್ಲವಂತೆ. ಯಾಕೆ ಎಂದೂ ಹೇಳಿದಳು. ನಾನು ಪೂರಾ ಕೇಳಿಸಿಕೊಳ್ಳಲಿಲ್ಲ, ಒಲೆಯ ಮೇಲೆ ಹಾಲಿತ್ತು. ಬಳ್ಳಾರಿಯಲ್ಲಿ ಇಂಟರ್ ಓದುವಾಗ ನಾನೂ ಇದನ್ನು ಬಾಯಿಪಾಠ ಮಾಡಿದ್ದೆ. ಮ್ಯಾಗ್ನೆಟಿಸಮ್ ಈಸ್ ದಟ್ ಪ್ರಾಪರ್ಟಿ ಬೈ ವರ್ಚ್ಯೂ ಆಫ್ ವಿಚ್… ಮುಂದಿನದು ಆಗಲೂ ನೆನಪಿಗೆ ಬಂದಿರಲಿಲ್ಲ, ಹಾಗಾಗಿಯೇ ಇಂಟರ್ ದಾಟಲಿಲ್ಲ.

ತಿಳಿದದ್ದು ಇಷ್ಟು. ಅವಳ ಪ್ರೊಫೆಸರು ಆ ಕಡಿಮೆ ಅಂಟುವ ಪುಡಿ ಹೊಲಸಾಗಿದೆ, ಮಾಡುವಾಗ ತಪ್ಪಾಗಿದೆ ಅನ್ನುತ್ತಾರೆ. ತಪ್ಪಾಯಿತು ಎಂದು ಬರೆದುಕೊಟ್ಟು ಅದನ್ನು ಥೀಸಿಸ್ಸಿನಿಂದ ತೆಗೆದರೆ ರುಜು ಹಾಕುತ್ತಾರೆ. ಇಲ್ಲದಿದ್ದರೆ ಬೇರೆ ಗೈಡನ್ನು ನೋಡಿಕೊ ಎಂದಿದ್ದಾರೆ. ಅವರು ಪರವೂರಿಗೆ ಹೋಗಿದ್ದಾರೆ, ಮೇ ಎಂಟಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಅಯಸ್ಕಾಂತದ ಕೋಣೆಗೆ ಬೀಗ. ಇವಳು ಇಲ್ಲೇ, ಕೊಟ್ಟೂರಿನಲ್ಲೇ, ಮತ್ತೆ ಅಳೆದು ತೋರಿಸುತ್ತಾಳಂತೆ!

ಬರೆದುಕೊಡಬಾರದೇಕೆ? ತಾಲ್ಲೂಕು ಆಫೀಸಿನಲ್ಲಿ ಮೂವತ್ತು ವರ್ಷ ಸಾಹೇಬರು ಬೆರಳಿಟ್ಟಲ್ಲಿ ರುಜು ಹಾಕಿದವನು ನಾನು. ಏನು ಕೆಟ್ಟಿತು? ಶಿವಬಸಮ್ಮ ಇದ್ದಿದ್ದರೆ ಮಗಳಿಗೆ ಬುದ್ಧಿ ಹೇಳುತ್ತಿದ್ದಳು. ಅಥವಾ ನನಗೇ ಹೇಳುತ್ತಿದ್ದಳೋ ಏನೋ. ಹೋಗಿ ಎರಡು ವರ್ಷವಾಯಿತು, ಯಾರ ಕಡೆ ನಿಲ್ಲುತ್ತಿದ್ದಳೆಂದು ಈಗ ಖಾತ್ರಿಯಿಲ್ಲ.

ಸೀಸೆಗಳನ್ನು ದೇವರ ಗೂಡಿನಲ್ಲಿಟ್ಟೆ. ಅಲ್ಲಿ ಇಲಿ ಬರುವುದಿಲ್ಲ.

೧೪ ಏಪ್ರಿಲ್, ಮಂಗಳವಾರ

ಇವತ್ತು ಮನಸ್ಸಿಗೆ ಬಹಳ ಸಮಾಧಾನ.

ನನ್ನ ಇಷ್ಟಲಿಂಗದ ಕಂತಿ ಬಿರುಕು ಬಿಟ್ಟು ವರ್ಷವಾಗುತ್ತ ಬಂದಿತ್ತು. ಒಳಗಿನ ಕಲ್ಲನ್ನು ಯಾರೂ ಕಾಣುವುದಿಲ್ಲ, ಮೇಲೆ ಕಟ್ಟಿದ ಕರಿ ಕಂತಿಯನ್ನೇ ಕಾಣುವುದು, ಅದು ಒಡೆಯಬಾರದು ಅನ್ನುತ್ತಿದ್ದ ಅಜ್ಜ. ಊರಿನ ಎಷ್ಟೋ ಮಂದಿಯ ಲಿಂಗಕ್ಕೆ ಕಂತಿ ಕಟ್ಟಿದ ಮನೆ ನಮ್ಮದು. ದೀಪದ ಮಸಿ, ಬೂದಿ, ಮೇಣ, ಗೇರೆಣ್ಣೆ. ಪಾಕ ನನ್ನದು, ಆದರೆ ಅರೆಯುವ ಕೈ ಶಿವಬಸಮ್ಮನದು. ಅವಳು ಅರೆದರೆ ಬೆರಳಿಗೆ ಕಾಳು ಸಿಗುತ್ತಿರಲಿಲ್ಲ. ಅವಳು ಹೋದ ಮೇಲೆ ನಾನು ಮೂರು ಸಲ ಕಟ್ಟಿದೆ, ಮೂರು ಸಲವೂ ತಿಂಗಳೊಳಗೆ ಸೀಳಿತು. ಜನರೂ ಬರುವುದನ್ನು ಬಿಟ್ಟರು.

ಇವತ್ತು ನಾಗು ನನ್ನ ಗೆಳೆಯ ಖಾಜಾಸಾಬನ ಮೋಟಾರು ಅಂಗಡಿಗೆ ಹೋಗಿದ್ದಳು. ಪಾಕ ಕಾಯಿಸುತ್ತ ಕೂತವನ ಕಣ್ಣಿಗೆ ಗೂಡಿನ ಸೀಸೆ ಬಿತ್ತು. ಒಂದು ಚಿಟಿಕೆ ಬೆರಳಿಗೆ ಹಚ್ಚಿ ನೋಡಿದೆ. ಏನು ನುಣುಪು! ಹಚ್ಚಿದ್ದೇ ತಿಳಿಯುವುದಿಲ್ಲ. ಮಸಿಗೆ ಬದಲು ಒಂದು ಚಿಟಿಕೆ ಹಾಕಿದೆ. ಪಾಕ ಕುಡಿದುಬಿಟ್ಟಿತು. ಮತ್ತೊಂದು ಹಾಕಿದೆ. ಆಮೇಲೆ ಚಿಟಿಕೆ ಹೋಗಿ ಚಮಚ ಬಂತು.

ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಟ್ಟಿದೆ. ಆರಿದ ಮೇಲೆ ನೋಡಿದರೆ ಮುಖ ಕಾಣಬೇಕು, ಹಾಗೆ! ಅವಳು ಅರೆದ ಕಾಲದ ಕಂತಿ. ಎಷ್ಟೋ ಹೊತ್ತು ನೋಡುತ್ತ ಕೂತೆ.

ಆ ಸೀಸೆ ತಳ ಕಂಡಿತ್ತು. ಪಕ್ಕದ ಸೀಸೆಯಲ್ಲಿ ಬೇಕಾದಷ್ಟಿತ್ತು, ಅದರಿಂದ ಇದಕ್ಕೆ ಮೊದಲಿದ್ದ ಮಟ್ಟಕ್ಕೆ ತುಂಬಿಸಿ ಅಲ್ಲಾಡಿಸಿ ಇಟ್ಟೆ. ಇದೂ ಕರಿ, ಅದೂ ಕರಿ. ಉಪ್ಪಿನಕಾಯಿ ಭರಣಿಗೆ ಹೀಗೆಯೇ ಅಲ್ಲವೇ ತುಂಬುವುದು. ಒಂದು ಚೂರೂ ಚೆಲ್ಲಲಿಲ್ಲ.

೧೬ ಏಪ್ರಿಲ್, ಗುರುವಾರ

ಬೆಳಿಗ್ಗೆ ಪಡಸಾಲೆಯಲ್ಲಿ ಇಬ್ಬರೂ ಉಳ್ಳಾಗಡ್ಡಿ ಸುಲಿಯುತ್ತ ಕೂತಿದ್ದೆವು. ನಾನೇ ಕೇಳಿದೆ, ಅದೇನು ನಿಮ್ಮ ಜಗಳ, ತಿಳಿಯುವ ಹಾಗೆ ಹೇಳು ಎಂದು.

"ಒಂದು ಸೇರು ದಪ್ಪ ಉಳ್ಳಾಗಡ್ಡಿ ಸುಲದ್ರ ಸಿಪ್ಪಿ ಎಷ್ಟು ಬರತೈತ್ರಿ?"

"ಒಂದು ಹಿಡಿ."

"ಒಂದು ಸೇರು ಸಣ್ಣ ಉಳ್ಳಾಗಡ್ಡಿ ಸುಲದ್ರ?"

"ಅದೇನು ಕೇಳ್ತೀ, ಬುಟ್ಟಿ ತುಂಬ ಸಿಪ್ಪೀನ."

"ಹಾಂ. ಕಾಳು ಸಣ್ಣ ಆದಂಗ ಸಿಪ್ಪಿ ಪಾಲು ಹೆಚ್ಚು. ನನ್ನ ಪುಡಿನೂ ಹಂಗ. ಕಾಳಿನ ಒಳಗಿರೋ ಕಬ್ಬಿಣದ ಕಣಕ್ಕ ಸುತ್ತಲೂ ನೆರೆಯವರು ಅದಾರ, ಅವರು ಮುಖ ಮಾಡಿದ ಕಡಿಗೇ ಅದೂ ಮುಖ ಮಾಡತೈತಿ. ಎಲ್ಲಾ ಕೂಡಿ ಎಳೀತಾವ. ಸಿಪ್ಪಿಯೊಳಗಿನ ಕಣಕ್ಕ ಹೊರಗಿನ ಕಡಿ ನೆರೆಯವರ ಇಲ್ಲ. ಹಿಡಿದು ನಿಲ್ಲಿಸೋರು ಇಲ್ಲದ ಅದು ಸೊಟ್ಟಗ ನಿಂತುಬಿಡತೈತಿ. ಎಳ್ಯಾಕ ಕೂಡಂಗಿಲ್ಲ. ಮೂರನೇ ಸೀಸೆಯೊಳಗಿನ ಕಾಳು ಎಷ್ಟು ಸಣ್ಣವಂದ್ರ ಪುಡಿ ಬಹಳಷ್ಟು ಬರೇ ಸಿಪ್ಪೀನ. ಅದಕ್ಕ ಕಡಿಮಿ ಎಳೀತೈತಿ. ಅದು ಹೊಲಸಲ್ಲ ಅಪ್ಪಾ, ಅದರ ಗುಣಾನ ಅದು."

ನನ್ನ ಕೈಯ ಚಾಕು ನಿಂತಿತು.

"ಅಂದ್ರ… ಮೂರೂ ಬ್ಯಾರೆ ಬ್ಯಾರೆ ಏನು?"

"ಬಂದ ದಿನಾನ ಹೇಳಿದ್ನೆಲ್ರಿ. ಒಂದನೇದು ದಪ್ಪ, ಎರಡನೇದು ಸಣ್ಣದು, ಮೂರನೇದು ಭಾಳ ಸಣ್ಣದು. ಮೂರನೇದು ಇರೂದ ಅಷ್ಟು. ನನ್ನ ಜೀವಾನ ಅದರಾಗ ಐತಿ."

ಕಣ್ಣಲ್ಲಿ ನೀರು ಬಂತು. ಉಳ್ಳಾಗಡ್ಡಿ ಅಂದೆ.

ಗೂಡಿಗೆ ಹೋಗಿ ನೋಡಿದೆ. ನಾನು ಬರಿದು ಮಾಡಿದ ಸೀಸೆಯ ಮೇಲೆ ಸಣ್ಣ ಅಕ್ಷರದಲ್ಲಿ ಮೂರು ಎಂದಿದೆ. ತುಂಬಿಸಿದ್ದು ಎರಡರಿಂದ.

೧೭ ಏಪ್ರಿಲ್, ಶುಕ್ರವಾರ

ಹೇಳಲಿಲ್ಲ. ಊಟಕ್ಕೆ ಕೂತಾಗ ಹೇಳಬೇಕೆಂದಿದ್ದೆ. ಅವಳೇ ರೊಟ್ಟಿ ಬಡಿದಿದ್ದಳು, ತಾಯಿಯ ಹಾಗೆ ತೆಳ್ಳಗೆ. ನಾಳೆ ಹೇಳುವೆ.

೨೦ ಏಪ್ರಿಲ್, ಸೋಮವಾರ

ಖಾಜಾಸಾಬನ ಅಂಗಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹಿಂದೆ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ನಾಗುವನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು, ಅವಳು ಕೇಳಿದರೆ ಇಲ್ಲ ಅನ್ನುವುದಿಲ್ಲ. ಹಳೆಯ ಮೋಟಾರಿನ ಕಬ್ಬಿಣಕ್ಕೆ ಎರಡು ಕಡೆ ತಾಮ್ರದ ಸುರುಳಿ ಸುತ್ತಿ, ಲಾರಿ ಬ್ಯಾಟರಿ ಜೋಡಿಸಿ, ಅಯಸ್ಕಾಂತ ಮಾಡುತ್ತಿದ್ದಾರೆ. ಮೊದಲ ದಿನ ಗುಂಡುಸೂಜಿಯೂ ಅಂಟಲಿಲ್ಲವಂತೆ, ಎರಡು ಸುರುಳಿಯನ್ನೂ ಒಂದಕ್ಕೊಂದು ತಿರುವುಮುರುವಾಗಿ ಸುತ್ತಿಬಿಟ್ಟಿದ್ದ.

"ಅತ್ತಿ ಸೊಸಿ ಮಾಡಿದ್ದೆ ಸ್ವಾಮ್ಯಾರ, ಒಂದು ಎಳದ್ರ ಇನ್ನೊಂದು ಕೆಡಸ್ತಿತ್ತು," ಎಂದು ಖಾಜಾ ನಕ್ಕ. "ಈಗ ಒಂದಾಗ್ಯಾವ ನೋಡ್ರಿ. ಬರ್ರಿ, ಕೂಡ್ರಿ."

ಕೂರಲು ಬಗ್ಗಿದೆ. ಬೆಂಚಿನ ಮೇಲೆ ಒಡೆದ ಲೌಡ್‌ಸ್ಪೀಕರಿನ ಅಯಸ್ಕಾಂತ ಬಿದ್ದಿತ್ತು. ಸೆಕೆಗೆ ಅಂಗಿ ತೊಟ್ಟಿರಲಿಲ್ಲ, ಬನಿಯನ್ನಿನ ಮೇಲೆ ಶಿವದಾರ, ಅದರಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಕರಡಿಗೆ ನೆಟ್ಟಗೆ ತೂಗಲಿಲ್ಲ. ಬೆಂಚಿನ ಕಡೆಗೆ ವಾಲಿತು. ಒಳಗಿನ ಲಿಂಗ ಯಾರೋ ಕರೆದ ಹಾಗೆ ಎಳೆಯಿತು, ದಾರದಲ್ಲಿ ನನಗೆ ಗೊತ್ತಾಯಿತು. ಒಂದು ಕ್ಷಣ ಮೈ ಜುಂ ಅಂದು ಶಿವನೇ ಅಂದೆ. ಮರುಕ್ಷಣ ತಿಳಿಯಿತು, ಶಿವನಲ್ಲ. ಸೀಸೆ.

ಕೈ ಅಡ್ಡ ಹಿಡಿದು ಬಾಗಿಲಿಗೆ ಬಂದೆ.

"ಯಾಕ್ರಿ, ಹೊಂಟ್ರಿ? ಚಾ ಹೇಳೀನಿ!"

"ವಾರ್ನಿಶ್ ವಾಸನಿ ಆಗಿಬರಂಗಿಲ್ಲೋ," ಅಂದೆ. ಇಪ್ಪತ್ತು ವರ್ಷ ಆ ವಾಸನೆಯಲ್ಲೇ ಅವನ ಚಾ ಕುಡಿದಿದ್ದೇನೆ. ಖಾಜಾ ನನ್ನ ಮುಖ ನೋಡಿದ.

ನಾಗು ಅಲ್ಲೇ ಮೂಲೆಯಲ್ಲಿ, ಜಂಬಣ್ಣ ಪತ್ತಾರನ ಹತ್ತಿರ ಕಡ ತಂದ ಚಿನ್ನದ ತಕ್ಕಡಿಗೆ ಕಾಲು ಕಟ್ಟುತ್ತಿದ್ದಳು. ಕತ್ತೆತ್ತಲಿಲ್ಲ.

೨೪ ಏಪ್ರಿಲ್, ಶುಕ್ರವಾರ

ಹಗರಿಬೊಮ್ಮನಹಳ್ಳಿಯಿಂದ ಚೌಡಕ್ಕ ಬಂದು ಹೋದಳು. ಅಕ್ಕ ಬಂದರೆ ಮನೆಯಲ್ಲಿ ಮಿಕ್ಕವರಿಗೆ ಬಾಯಿ ಇರುವುದಿಲ್ಲ. ಹಡಗಲಿಯ ಒಂದು ಸಂಬಂಧ ಹಿಡಿದುಕೊಂಡು ಬಂದಿದ್ದಳು. ಹುಡುಗ ಬ್ಯಾಂಕಿನಲ್ಲಿದ್ದಾನೆ, ಬಸವ ಜಯಂತಿಯೊಳಗೆ ಉತ್ತರ ಬೇಕಂತೆ.

"ಲೇ ಹಾಲ್ಯಾ, ಮಗಳಿಗೆ ಇಪ್ಪತ್ತೇಳು ತುಂಬೇತಿ. ಇನ್ನ ಎಷ್ಟು ದಿನ ತುಕ್ಕು ತಿಕ್ಕಸ್ತೀ ಆಕಿ ಕೈಲಿ?"

"ಅತ್ತೀ, ತುಕ್ಕು ತಿಕ್ಕಂಗಿಲ್ರಿ, ಮಾಡ್ತೀನಿ," ಅಂದಳು ನಾಗು ಒಳಗಿನಿಂದ.

"ಕೇಳಿದೇನು? ಜಗತ್ತೆಲ್ಲಾ ತುಕ್ಕು ತೆಗ್ಯಾಕ ಒದ್ದಾಡ್ತೈತಿ, ಈಕಿ ಮಾಡ್ತಾಳಂತ!"

ಮೂವರೂ ನಕ್ಕೆವು. ಹೋಗುವಾಗ ಅಕ್ಕ ಹೊಸಿಲಲ್ಲಿ ನಿಂತು ಮೆಲ್ಲಗೆ, "ಆ ಮಾಸ್ತರ ಹೇಳಿದಂಗ ಬರಕೊಟ್ಟು ಮುಗಸಲಿ. ನೀನ ಹೇಳೋ. ಆಕಿ ನಿನ್ನ ಮಾತು ಮೀರಂಗಿಲ್ಲ," ಅಂದಳು.

ಕೂತು ಯೋಚಿಸಿದೆ. ಆ ಪುಡಿ ಇಲ್ಲ ಅಂದರೆ ಅವಳು ಬರೆದುಕೊಡುತ್ತಾಳೆ. ಬರೆದುಕೊಟ್ಟರೆ ಡಿಗ್ರಿ ಬರುತ್ತದೆ, ಮದುವೆ ಆಗುತ್ತದೆ. ನಾನು ಏನೂ ಹೇಳದೆ ಸುಮ್ಮನಿದ್ದರೂ ಎಲ್ಲ ನೇರ ಆಗಿಬಿಡುತ್ತದಲ್ಲ! ದೇವರೇ ಮಾಡಿಸಿರಬಹುದು. ಹಾಗೆ ಅಂದುಕೊಂಡು ಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗ ಮಿರಮಿರ ಹೊಳೆಯಿತು. ಹೆಚ್ಚು ಹೊತ್ತು ನೋಡಲಾಗಲಿಲ್ಲ.

೨೬ ಏಪ್ರಿಲ್, ಭಾನುವಾರ

ಅಳೆದರು.

ನಾನು ಬಾಗಿಲಲ್ಲೇ ನಿಂತಿದ್ದೆ. ತಕ್ಕಡಿಯ ಒಂದು ತಟ್ಟೆಯ ಕೆಳಗೆ ದಾರ, ದಾರದ ತುದಿಗೆ ಪುಡಿ ತುಂಬಿದ ಗಾಜಿನ ನಳಿಕೆ, ಅದರ ಕೆಳಗೆ ಖಾಜಾನ ಅಯಸ್ಕಾಂತ. ಬ್ಯಾಟರಿ ಹಚ್ಚಿದರೆ ನಳಿಕೆಯನ್ನು ಕೆಳಗೆ ಎಳೆಯುತ್ತದೆ. ಆಚೆ ತಟ್ಟೆಯಲ್ಲಿ ಗುಲಗಂಜಿ ಏರಿಸುತ್ತ ಹೋಗುವುದು, ಮುಳ್ಳು ನಡುವಿಗೆ ಬಂದರೆ ಎಳೆತ ಎಷ್ಟೆಂದು ಗೊತ್ತಾಯಿತು. ಮೂರು ನಳಿಕೆಗೂ ಒಂದೇ ತೂಕದ ಪುಡಿ. ಗಾಳಿಗೆ ತಕ್ಕಡಿ ಅಲುಗಬಾರದೆಂದು ಕಿಟಕಿ ಮುಚ್ಚಿ ಫ್ಯಾನ್ ಆರಿಸಿದ್ದರು. ಎಲ್ಲರ ಮೈಯಿಂದ ನೀರು.

ಮೊದಲನೆಯದು ಬಹಳ ಎಳೆಯಿತು. ಎರಡನೆಯದು ಅದಕ್ಕಿಂತ ಕಡಿಮೆ. ನಾಗು ಮೂರನೆಯದನ್ನು ಕಟ್ಟಿದಳು. ಗುಲಗಂಜಿ ಇಟ್ಟಳು, ಇಟ್ಟಳು, ಇಡುತ್ತಲೇ ಹೋದಳು. ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ. ಎರಡನೆಯದರ ಹತ್ತಿರ ಹತ್ತಿರ ಹೋಗಿ ನಿಂತಿತು.

"ಇನ್ನೊಮ್ಮೆ ನೋಡ್ರಿ ಕಾಕಾ," ಅಂದಳು.

ಇನ್ನೊಮ್ಮೆ ನೋಡಿದರು. ನಳಿಕೆ ಬದಲಿಸಿ ನೋಡಿದರು. ಬ್ಯಾಟರಿ ಬದಲಿಸಿ ನೋಡಿದರು.

"ಅಷ್ಟ ಐತವ್ವಾ," ಅಂದ ಖಾಜಾ.

ಅವಳು ಮುಖದ ಬೆವರನ್ನು ಸೆರಗಿನಿಂದ ಒರೆಸಿಕೊಂಡಳು. ಬೆವರೋ ಏನೋ. "ಸರ್ ಹೇಳಿದ್ದ ಖರೆ ಇರಬೇಕು. ಅಲ್ಲಿ ನಾ ಅಳಿಯೋದ್ರಾಗ ಎಲ್ಲೋ ತಪ್ಪೀನಿ. ಮೂರು ವರ್ಷ ಇಲ್ಲದ್ದನ್ನ ಹುಡುಕೀನಿ," ಅಂದಳು.

ನಾನು ಬಾಯಿ ತೆರೆದೆ. "ಮನಿಗೆ ಹೋಗೂಣು, ಬಿಸಲು ಭಾಳ ಐತಿ," ಎಂದು ಬಂತು ಬಾಯಿಂದ.

೨೭ ಏಪ್ರಿಲ್, ಸೋಮವಾರ

ಉಣ್ಣಲಿಲ್ಲ. ನಾನೂ.

೩೦ ಏಪ್ರಿಲ್, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ನಿನ್ನೆ ನಾಗು ಪ್ರೊಫೆಸರಿಗೆ ಕಾಗದ ಬರೆದಿಟ್ಟಳು. ನನಗೆ ಓದಿಹೇಳಿದಳು, ಇಂಗ್ಲಿಷಿನಲ್ಲಿತ್ತು. 'ಐ ರಿಗ್ರೆಟ್ ಮೈ ಅಬ್ಸ್ಟಿನಸಿ' ಎಂದಿತ್ತು. ಅಬ್ಸ್ಟಿನಸಿ ಅಂದರೇನು ಎಂದು ಕೇಳಿದೆ, ಗೊತ್ತಿತ್ತು, ಆದರೂ ಕೇಳಿದೆ. "ಹಟ," ಅಂದಳು. ಚಿಕ್ಕಂದಿನಿಂದ ಅವಳ ತಾಯಿ ಹೇಳುತ್ತಿದ್ದುದು ಅದೇ, ಈ ಹಟ ಯಾರದು, ನನ್ನದೇ ಅಲ್ಲವೇ ಎಂದು ನಗುತ್ತಿದ್ದಳು. ಅಬ್ಸ್ಟಿನಸಿ. ಸ್ಪೆಲಿಂಗು ನೆನಪಿಲ್ಲ.

ಇವತ್ತು ಮಧ್ಯಾಹ್ನ ತಕ್ಕಡಿ ಹಿಂದಿರುಗಿಸಲು, ಅಯಸ್ಕಾಂತ ಬಿಚ್ಚಿಸಲು ಹೊರಟಳು. ಬರುವಾಗ ಕಾಗದ ಡಬ್ಬಿಗೆ ಹಾಕುತ್ತೇನೆ ಎಂದು ಕೈಯಲ್ಲೇ ಹಿಡಿದಿದ್ದಳು. ನಾನೂ ಹೊರಟೆ. ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. ಕಾಲೇಜಿನಲ್ಲಿ ಡೆಫಿನಿಷನ್ ಹೇಳಲು ಎದ್ದು ನಿಂತಾಗ ಆದ ಹಾಗೆಯೇ ಆಯಿತು. ಮೊದಲ ತುಂಡು ಬರುತ್ತದೆ, ಮುಂದಿನದು ಬರುವುದಿಲ್ಲ.

ಖಾಜಾ ಇಕ್ಕಳ ಹಿಡಿದು ನಿಂತಿದ್ದ. "ಬಿಚ್ಚಾಕ ಮನಸು ಬರವಲ್ದವ್ವಾ. ಇಷ್ಟು ಚಂದ ಸುತ್ತಿದ್ದೆ. ಕಡೀಸಲ ಒಮ್ಮೆ ಹಚ್ಚಿ ನೋಡ್ತೀನಿ," ಎಂದು ಬ್ಯಾಟರಿಯ ತಂತಿ ಕೂಡಿಸಿದ. ಚಟ್ ಎಂದು ಕಿಡಿ ಹಾರಿತು.

ನಾನು ಬಾಗಿಲಿಂದ ಒಳಗೆ ಬಂದೆ. ಕೈ ಅಡ್ಡ ಹಿಡಿಯಲಿಲ್ಲ. ಅಯಸ್ಕಾಂತದ ಮುಂದೆ ನಿಂತು ಬಗ್ಗಿದೆ.

ಕರಡಿಗೆ ಎದೆ ಬಿಟ್ಟಿತು. ದಾರ ಬಿಗಿಯಾಯಿತು. ಅದು ಓರೆಯಾಗಿ ಗಾಳಿಯಲ್ಲಿ ನಿಂತು, ಮತ್ತೂ ಬಗ್ಗಿದ ಕೂಡಲೇ ಟಕ್ ಎಂದು ಕಬ್ಬಿಣಕ್ಕೆ ಕಚ್ಚಿಕೊಂಡಿತು. ನಾನು ಹಾಗೆಯೇ ಬಗ್ಗಿ ನಿಂತೆ, ಕುತ್ತಿಗೆಗೆ ಕಟ್ಟಿದ ದನದ ಹಾಗೆ.

"ಅಲ್ಲಾ!" ಅಂದ ಖಾಜಾ. "ಸ್ವಾಮ್ಯಾರ, ಬೆಳ್ಳಿ ಯಾವಾಗಿಂದ ಕಬ್ಬಿಣ ಆತ್ರಿ? ಒಳಗ ಕಲ್ಲಲ್ಲೇನ್ರಿ ಇರೂದು?"

ನಾಗು ಹತ್ತಿರ ಬಂದಳು. ಕರಡಿಗೆ ನೋಡಿದಳು. ನನ್ನನ್ನು ನೋಡಿದಳು. ಬಂದ ದಿನ ಬಿರುಕು ಬಿಟ್ಟಿದ್ದ ಕಂತಿ ಈಗ ಪೂಜೆಯಲ್ಲಿ ಹೊಳೆಯುವುದನ್ನು ಅವಳೂ ಕಂಡಿದ್ದಳು. ಎಲ್ಲವನ್ನೂ ಅವಳೇ ಕೂಡಿಸಿಕೊಳ್ಳುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಯಾವ ಸೀಸೆ ಅಪ್ಪಾ?"

"ಮೂರನೇದು."

"ಮತ್ತ ಅದರಾಗ ಇದ್ದದ್ದು?"

"ಎರಡನೇದರಿಂದ ತುಂಬಿಸಿದ್ದೆ. ಒಂದ ಅಂತ ತಿಳದಿದ್ದೆ."

"ಯಾವತ್ತು ಗೊತ್ತಾತು ಒಂದಲ್ಲ ಅಂತ?"

ನೆಲ ನೋಡಿದೆ. "ಉಳ್ಳಾಗಡ್ಡಿ ಸುಲಿಯೋ ದಿನ."

ಖಾಜಾ ತಂತಿ ಕಿತ್ತ. ಕರಡಿಗೆ ಬಿಡಿಸಿಕೊಂಡು ಎದೆಗೆ ಬಡಿಯಿತು. ನಾಗು ಕಾಗದವನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಹೊರಟುಹೋದಳು. ತಕ್ಕಡಿ ಅಲ್ಲೇ ಉಳಿಯಿತು.

೧ ಮೇ, ಶುಕ್ರವಾರ

ಮಾತಿಲ್ಲ. ರೊಟ್ಟಿ ಮಾಡಿ ಮುಚ್ಚಿಟ್ಟು ಹಿತ್ತಲಲ್ಲಿ ಕೂತಿದ್ದಳು.

ಸಂಜೆ ಹೋಗಿ ಹೇಳಿದೆ, ಕಂತಿ ಕೆರೆದು ಕೊಡುತ್ತೇನೆ ಎಂದು. ಪೂಜಿಸುವ ಲಿಂಗಕ್ಕೆ ಚಾಕು ಹಚ್ಚುವುದು ಅದು, ನನಗೆ ಎಂಥದೆಂದು ಅವಳಿಗೆ ಗೊತ್ತು. ತಲೆ ಅಲ್ಲಾಡಿಸಿದಳು.

"ಬೂದಿ, ಮೇಣ, ಎಣ್ಣಿ ಎಲ್ಲಾ ಕೂಡೇತಿ. ನನಗೇನು ಉಪಯೋಗ ಇಲ್ಲ. ಇರಲಿ ಬಿಡ್ರಿ." ಆಮೇಲೆ, "ಕೇಳಿದ್ರ ನಾನ ಅರದು ಕೊಡತಿದ್ನೆಲ್ರಿ ಮಸಿ. ಅವ್ವ ನನಗೂ ಕಲಿಸಿದ್ಲು," ಅಂದಳು.

ಅದು ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಕೇಳಲೂ ಇಲ್ಲ.

ಕತ್ತಲಾಗುವ ಮುಂಚೆ ಅವಳೇ ಎದ್ದು ಬಂದು, "ಅನ್ನಭೇದಿ ಎಲ್ಲಿ ಸಿಗತೈತ್ರಿ ಇಲ್ಲಿ?" ಅಂದಳು.

೪ ಮೇ, ಸೋಮವಾರ

ಮನೆಯೆಲ್ಲ ನವಸಾಗರದ ಘಾಟು. ಮೂಗು ಉರಿಯುತ್ತಿದೆ, ಆದರೂ ಬರೆಯುತ್ತೇನೆ.

ಹೊಸದಾಗಿ ಮಾಡುತ್ತಿದ್ದಾಳೆ. ಅನ್ನಭೇದಿ ಗಿಡಮೂಲಿಕೆ ಅಂಗಡಿಯಲ್ಲಿ ಸಿಕ್ಕಿತು, ಕಬ್ಬಿಣದ ಉಪ್ಪು ಅದು. ಅದರಲ್ಲಿ ಒಂದಷ್ಟನ್ನು ಜಂಬಣ್ಣ ಚಿನ್ನ ತೊಳೆಯುವ ಆಮ್ಲದಲ್ಲಿ ಕಾಯಿಸಿದಳು. ನವಸಾಗರ ಕಲಾಯಿ ಮಾಡುವವರ ಹತ್ತಿರ ಸಿಕ್ಕಿತು, ಸುಣ್ಣದ ಜೊತೆ ಬಿಸಿ ಮಾಡಿದರೆ ಹೊರಡುವ ಘಾಟನ್ನು ನೀರಿಗೆ ಹಿಡಿಸಿದಳು. ಆ ನೀರನ್ನು ಕಬ್ಬಿಣದ ನೀರಿಗೆ ಸುರಿದರೆ, ಏನು ಹೇಳಲಿ, ಹಳದಿ ನೀರು ಕಣ್ಣ ಮುಂದೆ ಕರ್ರಗಾಯಿತು.

ತಿರುವುವ ಕೆಲಸ ನನಗೆ. "ಜೋರಾಗಿ ತಿರುವ್ರಿ. ನಿಂತ್ರ ಕಾಳು ದಪ್ಪ ಆಗತಾವ," ಅಂದಳು. ಭುಜ ಬಿದ್ದುಹೋಗುವಷ್ಟು ತಿರುವಿದೆ. ಒಂದು ಸಲ ನಿಲ್ಲಿಸಿದೆ, ಬೆವರು ಒರೆಸಿಕೊಳ್ಳಲು, ಅವಳು ಚೀರಿದಳು. ಅದನ್ನು ಚೆಲ್ಲಿ ಮತ್ತೆ ಮೊದಲಿಂದ ಮಾಡಿದೆವು.

"ಆಕಳ ಹಂಗ ನಿಂತುಬಿಟ್ರಿ ನೋಡ್ರಿ!"

"ಸಾಕಾತವ್ವಾ, ಮುದುಕ ಅದೀನಿ."

"ಕಂತಿ ಕಟ್ಟಾಕ ಮುದುಕ ಅಲ್ಲ, ತಿರುವಾಕ ಮುದುಕ."

ಚುಚ್ಚಿದಳು. ಚುಚ್ಚಿದ್ದು ಒಳ್ಳೆಯದೇ ಆಯಿತು, ಮಾತಾಡಿದಳಲ್ಲ.

ತೊಳೆದ ಪುಡಿಯನ್ನು ನೀರಿನಲ್ಲಿ ಬಿಟ್ಟಿದ್ದಾಳೆ. ಎರಡನೆಯ ಸೀಸೆಯ ಪುಡಿಯನ್ನು ಪಕ್ಕದ ಲೋಟದಲ್ಲಿ ಕಲಕಿಟ್ಟಿದ್ದಳು, ಅದು ಬೇಗ ತಳಕ್ಕಿಳಿಯಿತು. ಇದು ಇಳಿಯಲೇ ಇಲ್ಲ. ಸಣ್ಣ ಕಾಳು ಎಂಬುದಕ್ಕೆ ಅದೊಂದು ಗುರುತು, ಆದರೆ ಸರಿಯಾದ ಅಳತೆ ಯೂನಿವರ್ಸಿಟಿಯ ಎಕ್ಸ್‌ರೇಯಲ್ಲೇ ತಿಳಿಯುವುದು ಅಂದಳು. "ನನ್ನ ಕೈಯಾರೆ ಅಲ್ಲಿ ಮಾಡಿದ್ದು ಹೊಲಸು ಅಂದ್ರು. ಇಲ್ಲಿಯ ನೀರು, ಇಲ್ಲಿಯ ಉಪ್ಪು, ತಿರುವಿದ ಕೈನೂ ಬ್ಯಾರೆ. ಇದೂ ಕಡಿಮಿ ಎಳದ್ರ ಏನಂತಾರ ನೋಡೂಣು." ಕಡಿಮೆ ಎಳೆಯದಿದ್ದರೆ ಎಂದು ನಾನು ಕೇಳಲಿಲ್ಲ. ಕಾಗದ ಇನ್ನೂ ಅವಳ ಟ್ರಂಕಿನಲ್ಲಿದೆ. ಹರಿದಿಲ್ಲ.

೬ ಮೇ, ಬುಧವಾರ

ಖಾಜಾನ ಅಂಗಡಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಖಾಜಾ ಬ್ಯಾಟರಿಯ ಹತ್ತಿರ. ನನ್ನ ಕರಡಿಗೆಯನ್ನು ಬೆನ್ನ ಹಿಂದೆ ಸರಿಸಿ, ಅಲುಗದಂತೆ ಶಲ್ಯ ಬಿಗಿದಿದ್ದೆ.

ನಾಗು ನಾಲ್ಕು ನಳಿಕೆಗಳಿಗೂ ಕಾಗದ ಸುತ್ತಿ ತಂದಿದ್ದಳು, ಒಂದರ ಹಾಗೆ ಇನ್ನೊಂದು. ಮೊದಲನೆಯದು, ಎರಡನೆಯದು, ಹೊಸದು, ಮತ್ತೆ ನಾನು ಬೆರೆಸಿಟ್ಟದ್ದು. ಯಾವುದು ಯಾವುದೆಂದು ಅವಳ ಹೊರತು ಯಾರಿಗೂ ತಿಳಿಯದು. ತಕ್ಕಡಿಯ ಮುಂದಿನ ಸ್ಟೂಲು ತೋರಿಸಿದಳು.

"ನೀವು ಓದ್ರಿ ಅಪ್ಪಾ. ನಾ ಗ್ವಾಡಿ ಕಡಿ ಮುಖ ಮಾಡಿ ಕೂಡ್ತೀನಿ, ನೀವು ಹೇಳಿದ್ದು ಬರಕೊಂತೀನಿ."

"ನಾನ? ನಾ ಯಾಕವ್ವಾ?"

"ನಾ ನೋಡಿದ್ರ ನನಗ ಬೇಕಾದ್ದ ಕಾಣತೈತಿ."

"ನನ್ನ ಮ್ಯಾಲೆ ಇನ್ನೂ ನಂಬಿಕಿ ಐತೇನು ನಿನಗ?"

ಅವಳು ಗೋಡೆಯ ಕಡೆ ತಿರುಗುತ್ತ ಅಂದಳು, "ನಿಮಗ ಯಾವುದು ಯಾವುದಂತ ಗೊತ್ತಿಲ್ಲಲ್ಲ. ಅದಕ್ಕ."

ಖಾಜಾ ಕೆ‌ಮ್ಮಿದ. ನಗು ತಡೆಯಲು ಇರಬೇಕು.

ಕೂತೆ. ಕನ್ನಡಕ ಒರೆಸಿದೆ. ಒಂದನ್ನು ಕಟ್ಟಿದೆ, ಗುಲಗಂಜಿ ಇಟ್ಟೆ, ಮುಳ್ಳು ನೋಡಿದೆ, ಹೇಳಿದೆ. ಇನ್ನೊಂದು. ಅವಳ ಬೆನ್ನು ಅಲುಗಲಿಲ್ಲ. ಪೆನ್ಸಿಲಿನ ಸದ್ದು ಮಾತ್ರ.

ಆ ಹೊತ್ತಿನಲ್ಲಿ ನನಗೆ ಅನ್ನಿಸಿತು, ಒಂದು ಗುಲಗಂಜಿ ಆಚೀಚೆ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಅವಳಿಗೆ ಒಳ್ಳೆಯದಾಗುವ ಹಾಗೆ ಹೇಳಿಬಿಡಬಹುದಲ್ಲ? ಆದರೆ ಸುಳ್ಳು ಹೇಳಬೇಕೆಂದರೂ ಯಾವ ಕಡೆಗೆ ಹೇಳಬೇಕೆಂದು ತಿಳಿಯದು. ಜನ್ಮದಲ್ಲಿ ಮೊದಲ ಸಲ ನನ್ನ ಮುಂದೆ ಯಾವ ಸಾಹೇಬನ ಬೆರಳೂ ಇರಲಿಲ್ಲ. ಮುಳ್ಳು ಇತ್ತು, ಅಷ್ಟೇ. ಅದು ಎಲ್ಲಿ ನಿಂತಿತೋ ಅದನ್ನು ಹೇಳುವುದು. ಎಷ್ಟು ಕಷ್ಟ, ಎಷ್ಟು ಸುಲಭ.

ಕೊನೆಗೆ ಕಟ್ಟಿದ್ದು ನಿಜಕ್ಕೂ ಸೋಮಾರಿ. ಗುಲಗಂಜಿ ಇಡತೊಡಗಿದ ಕೂಡಲೇ ತಕ್ಕಡಿ ಎದ್ದುಬಿಟ್ಟಿತು. ನನಗೆ ನಂಬಿಕೆಯಾಗದೆ ತೆಗೆದು ಮತ್ತೆ ಇಟ್ಟೆ. ಅಷ್ಟೇ. ಹೇಳಿದೆ. ಮತ್ತೊಮ್ಮೆ ಹೇಳಿದೆ.

"ಮುಗೀತೇನ್ರಿ?"

"ಮುಗೀತು."

ಅವಳು ಎದ್ದು ಬಂದು ನಳಿಕೆಗಳ ಕಾಗದ ಒಂದೊಂದಾಗಿ ಬಿಚ್ಚಿದಳು. ಖಾಜಾ ಇಕ್ಕಳ ಹಿಡಿದೇ ನಿಂತಿದ್ದ. ಸೋಮಾರಿ ನಳಿಕೆಯ ಕಾಗದವನ್ನು ಕೊನೆಗೆ ಬಿಚ್ಚಿದಳು. ಹೊಸದು. ಕೊಟ್ಟೂರಿನದು.

ಅವಳು ಆ ನಳಿಕೆಯನ್ನು ಹಣೆಗೆ ಒತ್ತಿಕೊಂಡು ಹಾಗೆಯೇ ಕೂತಳು. ಖಾಜಾ ಕಿಟಕಿ ತೆರೆದ. ಬಸ್ ಸ್ಟ್ಯಾಂಡಿನ ಗದ್ದಲವೆಲ್ಲ ಒಳಗೆ ಬಂತು.

"ಮತ್ತ ನಂದು? ಬೆರಸಿದ್ದು?" ಎಂದು ಕೇಳಿದೆ.

ಅವಳು ಬರೆದದ್ದನ್ನು ನೋಡಿದಳು. "ಎರಡನೇದಕ್ಕೂ ಹೊಸದಕ್ಕೂ ನಡಕ ಐತಿ," ಅಂದಳು. ಆಮೇಲೆ, ಈ ವಾರದಲ್ಲಿ ಮೊದಲ ಸಲ ನಕ್ಕಳು. "ಎಲ್ಲಿ ಇರಬೇಕೋ ಅಲ್ಲೇ ಐತ್ರಿ."

೭ ಮೇ, ಗುರುವಾರ, ಬಸವ ಜಯಂತಿ

ಬೆಳಗಿನ ಬಸ್ಸಿಗೆ ಕೂರಿಸಿ ಬಂದೆ. ಟವೆಲ್ಲು, ಅರಳೆ, ಈಗ ನಾಲ್ಕು ಸೀಸೆ. ಮೂರನೆಯದಕ್ಕೆ ಹೊಸ ಚೀಟಿ ಅಂಟಿಸಿದ್ದಳು. ಕನ್ನಡಕ ಏರಿಸಿ ಓದಿದೆ. 'ಅಪ್ಪ ಬೆರೆಸಿದ್ದು.'

"ಅಯ್ಯೋ, ನಿಮ್ಮ ಪ್ರೊಫೆಸರು ನೋಡಿದ್ರ?"

"ನೋಡ್ಲಿ ಅಂತನ ಬರದೀನ್ರಿ."

"ನನ್ನ ಯಾಕ ಎಳೀತೀ ನಡಕ?"

"ಇದ್ದದ್ದು ಬರೀಬೇಕಲ್ಲೇನ್ರಿ."

ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಬೇರೆ ಗೈಡನ್ನು ಹುಡುಕುತ್ತಾಳಂತೆ, ಇನ್ನೆರಡು ವರ್ಷ ಹೋಗಬಹುದಂತೆ. ಹೋಗಲಿ. ಬಸ್ಸು ಹೊರಟಾಗ ಕಿಟಕಿಯಿಂದ ಆ ಹಳೆಯ ಕಾಗದ ಕೈಗೆ ಕೊಟ್ಟು, "ಒಲಿಗೆ ಹಾಕ್ರಿ," ಅಂದಳು. ಹಾಕಿದೆ, ಚಾ ಕಾಯಿತು.

ಹಡಗಲಿಯವರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಕಾರ್ಡು ಬರೆದು ಹಾಕಿದೆ. ಮನೆಯಲ್ಲಿ ಒಂದು ಕಾರ್ಡು ಉಳಿದಿತ್ತು, ಹಾಗಾಗಿ. ಚೌಡಕ್ಕ ಬಂದು ಕೂಗಾಡುತ್ತಾಳೆ, ಕೂಗಾಡಲಿ. ರೊಟ್ಟಿ ಒಬ್ಬನಿಗೇ ಎರಡು ಸಾಕು, ಮೂರು ಮಾಡಿಬಿಟ್ಟೆ.

ಕಂತಿ ಹಾಗೆಯೇ ಇದೆ. ಬಿರುಕು ಬಿಟ್ಟಿಲ್ಲ. ದೀಪಾವಳಿಗೆ ಬಂದಾಗ ಮುಂದಿನ ಕಂತಿಗೆ ಮಸಿ ಅರೆದುಕೊಡು ಎಂದು ನಾಗುವಿಗೆ ಹೇಳಿದ್ದೇನೆ.

ಬಸ್ ಸ್ಟ್ಯಾಂಡಿನಿಂದ ಹಿಂದಿರುಗುವಾಗ ಖಾಜಾನ ಅಂಗಡಿಯ ಮುಂದೆ ಹಾದೆ. ಅಯಸ್ಕಾಂತವನ್ನು ಅವನು ಇನ್ನೂ ಬಿಚ್ಚಿಲ್ಲ. ನನ್ನನ್ನು ಕಂಡದ್ದೇ ತಂತಿ ಎತ್ತಿ ಹಿಡಿದು, "ಹಚ್ಚಲೇನ್ರಿ ಸ್ವಾಮ್ಯಾರ?" ಎಂದು ಕೂಗಿದ. ಚಾದ ಅಂಗಡಿಯವರೆಲ್ಲ ತಿರುಗಿ ನೋಡಿದರು.

"ಹಚ್ಚೋ," ಅಂದು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಎದೆಯ ಮೇಲಿನ ದಾರ ಮೆಲ್ಲಗೆ ಅವನ ಕಡೆ ವಾಲಿತು. ವಾಲಲಿ ಎಂದು ಬಿಟ್ಟು ಚಾ ಕುಡಿದೆ.